‘ನೀವು ಯಾವ ಜನ?’

ನಮ್ಮ ಕನ್ನಡ ಸಂಘದ ಸುದ್ದಿಪತ್ರದಲ್ಲಿ ಎಲ್ಲರೂ ಮೊದಲು ತೆರೆಯುವುದು ಕೊನೆಯ ಪುಟ. ಸಂಪಾದಕೀಯ ಅಲ್ಲ, ಅದು ನನಗೂ ಗೊತ್ತು! ಆ ಪುಟದಲ್ಲಿ ಮುಂಚೆ ವೀಣೆ ಪಾಠ, ಹಳೇ ಸೋಫಾ, ಮಗುವಿನ ತೊಟ್ಟಿಲು ಇರುತ್ತಿದ್ದವು. ಈಗ ಮುಕ್ಕಾಲು ಭಾಗ ಬಾಡಿಗೆಯದೇ. ‘ಸನ್ನಿವೇಲ್ ಸುತ್ತಮುತ್ತ ಒಂದು ರೂಮು ಬೇಕು, ತುರ್ತು’ ಅನ್ನುವಂಥವೇ ಜಾಸ್ತಿ.

ಸನ್ನಿವೇಲ್ ಇರುವ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಇದು ಇಂದು ನಿನ್ನೆಯ ಕಥೆಯಲ್ಲ. ಆಫೀಸುಗಳು ಎದ್ದ ವೇಗದಲ್ಲಿ ಮನೆಗಳು ಏಳಲಿಲ್ಲ. ಎಷ್ಟೋ ಬಡಾವಣೆಗಳಲ್ಲಿ ದಶಕಗಳ ಕಾಲ ಒಂದು ಸೈಟಿಗೆ ಒಂದೇ ಮನೆ ಅನ್ನುವ ನಿಯಮವಿತ್ತು. ಇರುವ ಅಪಾರ್ಟ್‌ಮೆಂಟಿಗೆ ಹೋದರೆ ಸಂಬಳ ಬಾಡಿಗೆಯ ಎರಡೂವರೆ ಮೂರು ಪಟ್ಟು ಇರಬೇಕು ಅನ್ನುತ್ತಾರೆ, ಕ್ರೆಡಿಟ್ ಸ್ಕೋರ್ (ಇಲ್ಲಿ ಸಾಲ ತೀರಿಸಿದ ದಾಖಲೆಗೆ ಸಿಗುವ ಅಂಕ) ಕೇಳುತ್ತಾರೆ. ಹೋದ ವಾರ ವಿಮಾನ ಇಳಿದವರು ಅದನ್ನು ಎಲ್ಲಿಂದ ತರಬೇಕು? ಹಾಗಾಗಿ ನಮ್ಮವರ ಮನೆಯ ಖಾಲಿ ಕೋಣೆಗೆ ಇಷ್ಟು ಬೆಲೆ.

ಅಪಾರ್ಟ್‌ಮೆಂಟ್ ಸಿಕ್ಕವರಿಗೆ ಒಂದೆರಡು ಮಾತು. ‘ಮೊದಲ ತಿಂಗಳು ಫ್ರೀ’ ಅಂದರೆ ಲೀಸ್‌ನಲ್ಲಿ, ಅಂದರೆ ಬಾಡಿಗೆ ಕರಾರಿನಲ್ಲಿ, ಬರೆದ ಬಾಡಿಗೆ ಎಷ್ಟು ಅಂತ ನೋಡಿ. ಮುಂದಿನ ವರ್ಷದ ಏರಿಕೆ ಸಾಮಾನ್ಯವಾಗಿ ಫ್ರೀ ತಿಂಗಳನ್ನು ಕಳೆಯದೆ ಬರೆದ ಆ ಮೊತ್ತದ ಮೇಲೇ. 2020ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ, 15 ವರ್ಷ ದಾಟಿದ ಕಟ್ಟಡಗಳಲ್ಲಿ ಬಾಡಿಗೆಯನ್ನು ವರ್ಷಕ್ಕೆ ಶೇ. 5ರ ಜೊತೆ ಬೆಲೆಯೇರಿಕೆಯಷ್ಟು ಮಾತ್ರ ಹೆಚ್ಚಿಸಬಹುದು. ಎಷ್ಟೇ ಆದರೂ ಶೇ. 10 ದಾಟುವಂತಿಲ್ಲ. ವ್ಯಕ್ತಿಗಳ ಒಡೆತನದ ಬಿಡಿ ಮನೆಗಳಿಗೆ ಸಾಮಾನ್ಯವಾಗಿ ಈ ಮಿತಿ ಇಲ್ಲ. ಡಿಪಾಸಿಟ್ 2024ರ ಜುಲೈಯಿಂದ ಒಂದು ತಿಂಗಳ ಬಾಡಿಗೆಯಷ್ಟೇ. ಒಂದೆರಡು ಮನೆ ಇಟ್ಟುಕೊಂಡ ಸಣ್ಣ ಮಾಲೀಕರು ಎರಡು ತಿಂಗಳದ್ದು ಕೇಳಬಹುದು. ಮನೆ ಬಿಟ್ಟ 21 ದಿನದೊಳಗೆ ಆ ದುಡ್ಡು ವಾಪಸ್ ಕೊಡಬೇಕು, ಹಿಡಿದುಕೊಂಡಿದ್ದರೆ ಅದರ ಲೆಕ್ಕ ಕೊಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ‘ಪೇಂಟಿಂಗ್‌ಗೆ ಒಂದು ತಿಂಗಳದ್ದು ಹಿಡ್ಕೊಂಡಿದೀನಿ’ ಅಂತ ಕೇಳಿಸಿಕೊಂಡ ನಮಗೆ ಇದು ಸ್ವರ್ಗ. ಆದರೂ ಎಷ್ಟೋ ಜನ ಕೇಳುವುದಕ್ಕೇ ಸಂಕೋಚಪಟ್ಟು ಸುಮ್ಮನಾಗುತ್ತಾರೆ.

ಇನ್ನು ನಾನು ಹೇಳಲೇಬೇಕಾದ ವಿಷಯ. ರೂಮು ಕೊಡುವವರು ಕಳಿಸುವ ಜಾಹೀರಾತುಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. ‘ಕನ್ನಡಿಗರಿಗೆ ಮಾತ್ರ.’ ‘ಮಕ್ಕಳಿಲ್ಲದ ದಂಪತಿಗೆ ಮಾತ್ರ.’ ಒಮ್ಮೆ ಜಾತಿಯ ಹೆಸರೇ ಬಂದಿತ್ತು. ನಾನು ಆ ಸಾಲು ತೆಗೆದು ಅಚ್ಚು ಹಾಕಿದೆ. ಕೆಲವರಿಗೆ ಬೇಜಾರಾಗಿದೆ. ‘ನಮ್ಮ ಮನೆ, ನಮ್ಮ ಇಷ್ಟ ಅಲ್ವಾ?’ ಅಂತ ಒಬ್ಬರು ಫೋನ್ ಮಾಡಿ ಕೇಳಿದರು.

ಮನೆ ನಿಮ್ಮದೇ. ಜಾಹೀರಾತು ಮಾತ್ರ ಹಾಗಲ್ಲ. ಜನಾಂಗ, ಧರ್ಮ, ಮೂಲದೇಶ ನೋಡಿ ಬಾಡಿಗೆಗೆ ಕೊಡುತ್ತೇವೆ ಎಂಬ ಜಾಹೀರಾತನ್ನು ಅಮೆರಿಕದ 1968ರ ಫೇರ್ ಹೌಸಿಂಗ್ ಕಾಯ್ದೆ ನಿಷೇಧಿಸುತ್ತದೆ. ಮಕ್ಕಳಿರುವ ಕುಟುಂಬಗಳು ಈ ರಕ್ಷಣೆಗೆ 1988ರಲ್ಲಿ ಸೇರಿದವು. ಬರೆದುಕೊಟ್ಟವರಷ್ಟೇ ಅಲ್ಲ, ಅಚ್ಚು ಹಾಕಿದವರೂ ಹೊಣೆ. ಅಂದರೆ ನಾನು, ನಮ್ಮ ಸಂಘ.

ಕಾನೂನು ಬಿಡಿ. ಮಲ್ಲೇಶ್ವರದಲ್ಲಿ ಟು-ಲೆಟ್ ಬೋರ್ಡ್ ನೋಡಿ ಗೇಟು ತಟ್ಟಿದಾಗ ಬಾಡಿಗೆಗಿಂತ ಮೊದಲು ಬಂದ ಪ್ರಶ್ನೆ ನನಗಿನ್ನೂ ನೆನಪಿದೆ. ‘ನೀವು ಯಾವ ಜನ?’ ಆಗ ತಲೆ ತಗ್ಗಿಸಿ ಉತ್ತರ ಹೇಳಿದ್ದೆ. ಇಲ್ಲಿಗೆ ಬಂದ ಹೊಸದರಲ್ಲಿ ಅಡುಗೆಯ ಒಗ್ಗರಣೆ ವಾಸನೆಗೆ ಮೂಗು ಮುರಿದವರನ್ನೂ ನೋಡಿದ್ದೇನೆ. ಎರಡೂ ಕಡೆ ನಿಂತು ಬಂದವರು ನಾವು.

ಅಡುಗೆಮನೆ ಹಂಚಿಕೊಳ್ಳುವವರಿಗೆ ತಮ್ಮದೇ ಕಷ್ಟ ಇರುತ್ತದೆ, ಒಪ್ಪುತ್ತೇನೆ. ‘ಅಡುಗೆಮನೆಯಲ್ಲಿ ಮಾಂಸದಡುಗೆ ಬೇಡ’ ಅಂತ ನೇರವಾಗಿ ಬರೆಯಿರಿ, ಹಾಕುತ್ತೇನೆ. ಅದು ಅಡುಗೆಮನೆಯ ವಿಷಯ, ಬರುವವರ ಹುಟ್ಟಿನ ವಿಷಯ ಅಲ್ಲ.

ಮುಂದಿನ ಸಂಚಿಕೆಯಿಂದ ಬಾಡಿಗೆ ಜಾಹೀರಾತಿನಲ್ಲಿ ಊರು, ಬಾಡಿಗೆ, ಡಿಪಾಸಿಟ್, ಲೀಸ್ ಎಷ್ಟು ತಿಂಗಳು, ಈ ನಾಲ್ಕು ಇರಲೇಬೇಕು. ‘ನಮ್ಮವರೇ ಅಲ್ವಾ, ಪೇಪರ್ ಯಾಕೆ’ ಅಂತ ಬಾಯಿಮಾತಲ್ಲಿ ಮುಗಿಸಿ, ಆಮೇಲೆ ರಾಜ್ಯೋತ್ಸವದಲ್ಲಿ ಮುಖ ತಿರುಗಿಸಿಕೊಂಡವರಿದ್ದಾರೆ. ಇನ್ನು ಬಾಡಿಗೆ ಹೇಳದೆ ‘ಫೋನಲ್ಲಿ ಮಾತಾಡೋಣ’ ಅಂತ ಬರೆಯುವವರಿಗೆ ನಾನೇ ಫೋನ್ ಮಾಡಿ ಕೇಳುತ್ತೇನೆ.