ವಸತಿ ಯೋಜನೆ: ಛಾವಣಿಗೆ ಬಿಸಿಲ ತಡೆಯೂ ಇರಲಿ

ಸಂಪಾದಕರಿಗೆ,

ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಛಾವಣಿ ಹಾಕಿಸಿಕೊಂಡವರು ಬೇಸಿಗೆಯ ರಾತ್ರಿ ಒಳಗೆ ಮಲಗಲಾರರು. ನಾಲ್ಕು ಇಂಚಿನ ಸ್ಲ್ಯಾಬ್ ಹಗಲೆಲ್ಲ ಹೀರಿದ ಕಾವನ್ನು ಹೊತ್ತು ಮುಳುಗಿದ ಮೇಲೆ ಕೋಣೆಗೆ ಬಿಡುತ್ತದೆ. ಮಾಳಿಗೆಯ ದಪ್ಪ ಮಣ್ಣು ಅದನ್ನು ಕೆಳಗಿಳಿಯಗೊಡುತ್ತಿರಲಿಲ್ಲ. ಇಳಿದಿದ್ದು ಬೆಳಕಿಂಡಿಯಿಂದ ಹೊರಬೀಳುತ್ತಿತ್ತು. ಸೋರಿಕೆ, ಮತ್ತೆ ಮತ್ತೆ ಸವಳು ಮಣ್ಣು ಹಾಕುವ ಕೆಲಸ ಸಾಕೆಂದು ಜನ ಮಾಳಿಗೆ ಬಿಟ್ಟದ್ದು ತಪ್ಪಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಹೊಸ ಮನೆಯಲ್ಲಿ ಯಾವುದಕ್ಕೂ ವಹಿಸದೆ ಬಿಟ್ಟದ್ದು ತಪ್ಪು.

ಈಗಾಗಲೇ ಇರುವ ತಾರಸಿಗೆ ಅಗ್ಗದ ಉಪಾಯ ಸುಣ್ಣ. ಕೆ.ಜಿ.ಗೆ 5 ಲೀಟರ್ ನೀರಿನಂತೆ ಸುಟ್ಟ ಸುಣ್ಣವನ್ನು ಎರಡು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ, 10 ಲೀಟರ್‌ಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಬೇಕು. ಪಾಚಿ, ದೂಳು ಉಜ್ಜಿ ತೊಳೆದ ಮೇಲೆ ಮೂರು ಕೈ, ಒಂದು ಒಣಗಿದ ಮೇಲೆ ಇನ್ನೊಂದು. 25 ಚದರ ಮೀಟರಿಗೆ 8–10 ಕೆ.ಜಿ. ಸುಣ್ಣ ಸಾಕು. ಸುಣ್ಣ ಹಿಡಿಯಲೆಂದು ಉಪ್ಪು ಹಾಕುವ ರೂಢಿ ಆರ್‌ಸಿಸಿಗೆ ಬೇಡ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ದೂಳು ಕೂತಷ್ಟೂ ಬಿಸಿಲನ್ನು ಹಿಂದಕ್ಕೆಸೆಯುವ ಬಿಳುಪಿನ ಗುಣ ಇಳಿಯುವುದರಿಂದ ಪ್ರತಿ ಫೆಬ್ರುವರಿ ಕೊನೆಗೆ ಹೊಸದಾಗಿ ಬಳಿಯಬೇಕು.

ಹಳೆ ಮಾಳಿಗೆಯ ನೆನಪಿನಲ್ಲಿ ಕೆಲವರು ಸ್ಲ್ಯಾಬ್ ಮೇಲೆ ಮಣ್ಣು ಸುರಿಯುತ್ತಾರೆ. ಇದು ಅಪಾಯ. ನಾಲ್ಕು ಇಂಚು ಮಣ್ಣೇ ಚದರ ಮೀಟರಿಗೆ ಸುಮಾರು 160 ಕೆ.ಜಿ., ನೆನೆದರೆ ಇನ್ನೂ ಹೆಚ್ಚು. ಜನ ಓಡಾಡುವ ತಾರಸಿಯ ಲೆಕ್ಕದಲ್ಲಿ ಹಿಡಿಯುವ ಹೊರೆ 150 ಕೆ.ಜಿ. ಆಸುಪಾಸು.

ಹೊಸದಾಗಿ ಕಟ್ಟುವವರು ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ, 48 ಗಂಟೆ ನೀರು ನಿಲ್ಲಿಸಿ ನೋಡಿ, ಆಮೇಲೆ 25 ಮಿ.ಮೀ. ಎಕ್ಸ್‌ಪಿಎಸ್ (ನೀರು ಹೀರದ ಗಟ್ಟಿ ಫೋಮ್) ಹಲಗೆ, ಪ್ಲಾಸ್ಟಿಕ್ ಹಾಳೆ, ಕೋಳಿ ಜಾಲರಿ ಹಾಕಿದ 40 ಮಿ.ಮೀ. ಕಾಂಕ್ರೀಟ್ ಹಾಕಿಸಲಿ. ಈ ತೂಕವನ್ನು ಸ್ಲ್ಯಾಬ್ ಲೆಕ್ಕದಲ್ಲಿ ಮೊದಲೇ ಸೇರಿಸಿರಬೇಕು. ಮಾಮೂಲಿ ಥರ್ಮೋಕೋಲ್ ನೀರು ಕುಡಿದು ಕೆಡುತ್ತದೆ. ಕಾವು ಎಷ್ಟು ಸಲೀಸಾಗಿ ಒಳಗಿಳಿಯುತ್ತದೆ ಎಂಬುದರ ಅಳತೆ ಯು-ಮೌಲ್ಯ, ಕಡಿಮೆ ಇದ್ದಷ್ಟೂ ಒಳ್ಳೆಯದು. ಬರಿ ಸ್ಲ್ಯಾಬಿನದು ಸುಮಾರು 3.6, ಈ 25 ಮಿ.ಮೀ. ಅದನ್ನು 1ರ ಹತ್ತಿರಕ್ಕೆ ತರುತ್ತದೆ. ವಾಸದ ಕಟ್ಟಡಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ತಂದ 2018ರ ಇಕೊ ನಿವಾಸ್ ಸಂಹಿತೆ ಛಾವಣಿಗೆ ಹಾಕಿದ ಮಿತಿ 1.2. ಆದರೆ ಆ ಸಂಹಿತೆ 500 ಚದರ ಮೀಟರಿಗಿಂತ ಸಣ್ಣ ನಿವೇಶನಗಳಿಗಲ್ಲ, ಅಂದರೆ ಹಳ್ಳಿಮನೆಗೆ ಅದರ ನೆರಳೂ ತಾಗದು.

ತಗಡಿನ ಮನೆಗೆ ಬಿದಿರಿನ ತಟ್ಟಿಯ ಒಳಛಾವಣಿ ಒಳ್ಳೆಯದು. ತಗಡಿಗೂ ತಟ್ಟಿಗೂ ನಡುವೆ ಆರು ಇಂಚು ಬಿಟ್ಟು, ಎರಡೂ ತುದಿಯಲ್ಲಿ ಗಾಳಿಕಿಂಡಿ ಇಡಬೇಕು. ಅದಕ್ಕೆ ಜಾಲರಿ ಬಡಿಯದಿದ್ದರೆ ಇಲಿ ಸಂಸಾರ ಹೂಡುತ್ತದೆ. ಹೊಳೆಯುವ ಫಾಯಿಲ್ ಹಾಳೆಯನ್ನು ತಗಡಿಗೇ ಅಂಟಿಸಿ, ಅದರ ಕೆಳಗೆ ಮತ್ತೊಂದು ಹಲಗೆ ಒತ್ತಿ ಬಡಿದರೆ ದುಡ್ಡು ದಂಡ; ಹೊಳೆಯುವ ಮೈ ಎದುರು ಒಂದಿಂಚಾದರೂ ಗಾಳಿ ಬೇಕು. ಒಲೆ ಇರುವ ಕೋಣೆಯಲ್ಲಿ ಥರ್ಮೋಕೋಲ್ ಬೇಡವೇ ಬೇಡ.

ಗೃಹಜ್ಯೋತಿ ಇದೆಯಲ್ಲ, ಕೂಲರ್ ಇಟ್ಟರಾಯಿತು ಎನ್ನುವವರಿದ್ದಾರೆ. 150 ವಾಟ್ ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೆ ತಿಂಗಳಿಗೆ 45 ಯೂನಿಟ್. ಹಳೆಯ ಬಳಕೆಯ ಸರಾಸರಿಗೆ ಕಟ್ಟುಬಿದ್ದ ಉಚಿತ ಮಿತಿ ಅಷ್ಟನ್ನು ತಾಳುವುದಿಲ್ಲ.

ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಮನೆಗಳಿಗೆ ಹಂತ ಹಂತವಾಗಿ ಜಿಪಿಎಸ್ ಫೋಟೊ ನೋಡಿ ಹಣ ಬಿಡುಗಡೆಯಾಗುತ್ತದೆ. ಛಾವಣಿಯ ಹಂತದಲ್ಲಿ ಬಿಸಿಲ ತಡೆಗೂ ಒಂದು ಫೋಟೊ, ಅದಕ್ಕೆ ಪ್ರತ್ಯೇಕ ಮೊತ್ತ ಸೇರಿಸಲಿ. ಬಿಸಿಲು ಹೆಚ್ಚಿರುವ ಜಿಲ್ಲೆಗಳಿಂದಲೇ ಶುರುವಾಗಲಿ.

– ಗ್ರಾಮೀಣ ವಸತಿ ಕೆಲಸದಲ್ಲಿರುವ ಕೆಲವು ಸಿವಿಲ್ ಎಂಜಿನಿಯರರು, ಕಲಬುರಗಿ