ಮಗಳಿಗೊಂದು ಪತ್ರ: ಪೆಟ್ಟಿಗೆಯೊಳಗಿನ ಹುಡುಗಿ

ಪ್ರೀತಿಯ ಪುಟ್ಟಿ,

ಕೋಲ್ಕತ್ತದವರೆಗೆ ಹೋಗಿ ಮ್ಯಾಜಿಕ್ ಶೋ ನೋಡಿಕೊಂಡು ಬಂದ್ರಾ ಅಂತ ನೀನು ಫೋನಿನಲ್ಲಿ ನಕ್ಕೆ. ಪೂರ್ತಿ ಹೇಳೋಣ ಅಂದರೆ ಮೀಟಿಂಗ್ ಇದೆ ಅಂತ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಕ್ಟೋರಿಯಾ, ದಕ್ಷಿಣೇಶ್ವರ, ಹೂಗ್ಲಿಯ ದೋಣಿ ಎಲ್ಲ ಆಯ್ತು. ಫೋಟೋ ಕಳಿಸಿದ್ದೇನಲ್ಲ, ಅದರ ಕಥೆ ಬೇಡ. ಈಚಲು ಮರದ ಹೊಸ ಬೆಲ್ಲ ಹಾಕಿದ ಸಂದೇಶ್ ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಬ್ಯಾಂಕಿನಲ್ಲಿದ್ದಾಗ, ನಲವತ್ತು ದಾಟಿದಾಗಿನಿಂದ ಶುಗರ್ ಅಂತ ಕಾಫಿಗೂ ಸಕ್ಕರೆ ಬಿಟ್ಟಿದ್ದ ನಮ್ಮ ಗುಂಪಿನವರೆಲ್ಲ ಅಂಗಡಿ ಮುಂದೆ ನಿಂತು ತಿಂದರು. ಅದೂ ಒಂದು ಮ್ಯಾಜಿಕ್ಕೇ.

ಸರೋಜ ಆಂಟಿಗೆ ಒಂದೇ ಹಠ: ಜಾದೂಗಾರ ಪಿ. ಸಿ. ಸರ್ಕಾರ್ ಜೂನಿಯರ್ ಅವರ ‘ಇಂದ್ರಜಾಲ’ ಶೋ ನೋಡಬೇಕು. ಚಿತ್ತರಂಜನ್ ಅವೆನ್ಯೂದಲ್ಲಿ ಮಹಾಜಾತಿ ಸದನ ಅಂತ ಇದೆ. ಸುಭಾಷರು ಕನಸು ಕಂಡು, 1939ರಲ್ಲಿ ರವೀಂದ್ರನಾಥ ಠಾಗೋರರ ಕೈಯಲ್ಲಿ ಅಡಿಗಲ್ಲು ಹಾಕಿಸಿದ ಸಭಾಂಗಣ. ಸರ್ಕಾರ್ ಜೂನಿಯರ್ ಚಳಿಗಾಲದಲ್ಲಿ ಅಲ್ಲಿ ಶೋ ಮಾಡುತ್ತಾ ಬಂದವರು. ನಾವು ಹೋದ ದಿನ ಅಲ್ಲಿ ಯಾವುದೋ ಸಂಗೀತ ಕಾರ್ಯಕ್ರಮ. ಆಂಟಿಯ ಮುಖ ನೋಡಬೇಕಿತ್ತು! ಕೊನೆಗೆ ನಮ್ಮ ಲಾಡ್ಜಿನ ಹುಡುಗ ಹೇಳಿದ ಅಂತ ಒಂದು ಸಣ್ಣ ಹಾಲಿಗೆ ಹೋದೆವು. ಹೆಸರು ಕೇಳಿರದ ತಂಡ, ಪ್ಲಾಸ್ಟಿಕ್ ಕುರ್ಚಿಗಳು. ತಡವಾಗಿ ಹೋಗಿದ್ದರಿಂದ ನಮಗೆ ಸಿಕ್ಕಿದ್ದು ಮುಂದಿನ ಸಾಲಿನ ತೀರಾ ಎಡತುದಿ, ಪರದೆಯ ಪಕ್ಕ. ಒಳ್ಳೆಯದೇ ಆಯ್ತು ಅನ್ನು.

ಜಾದೂಗಾರರು ಬಂದರು. ಮಿಂಚುವ ಶೇರ್ವಾನಿ, ಗರಿ ಸಿಕ್ಕಿಸಿದ ಪೇಟ, ಥೇಟ್ ಮಹಾರಾಜ. ಈ ವೇಷವನ್ನು ನಮ್ಮ ದೇಶದಲ್ಲಿ ಮನೆಮಾತು ಮಾಡಿದವರು ಜೂನಿಯರ್ ಅವರ ತಂದೆ, ಹಿರಿಯ ಸರ್ಕಾರ್. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿಗೆ ಬಂದ ಮ್ಯಾಜಿಕ್‌ನವರೂ ಇದೇ ವೇಷದಲ್ಲಿದ್ದರು. ಸರ್ಕಾರರ ‘ವಾಟರ್ ಆಫ್ ಇಂಡಿಯಾ’ ಕೂಡ ಇಲ್ಲಿತ್ತು. ಒಂದು ಹಿತ್ತಾಳೆ ತಂಬಿಗೆ. ಅದನ್ನು ಬಗ್ಗಿಸಿ ನೀರು ಚೆಲ್ಲಿ, ಖಾಲಿ ಅಂತ ತೋರಿಸಿ ಪಕ್ಕಕ್ಕಿಡುತ್ತಾರೆ. ಬೇರೆ ಐಟಂ ಆಗುತ್ತದೆ. ಮತ್ತೆ ತಂಬಿಗೆ ಎತ್ತುತ್ತಾರೆ, ಮತ್ತೆ ನೀರು. ಶೋ ಮುಗಿಯುವವರೆಗೂ ಇದೇ. ನಮ್ಮ ಬೀದಿ ನಲ್ಲಿಗಿಂತ ವಾಸಿ ಅಂದರು ಸರೋಜ ಆಂಟಿ.

ನಾನು ಬರೆಯಬೇಕು ಅಂತ ಕೂತಿದ್ದು ಇದಾವುದೂ ಅಲ್ಲ. ಪೆಟ್ಟಿಗೆ ಮತ್ತು ಕತ್ತಿಯ ಐಟಂ.

ಹುಡುಗಿಗೆ ನಿನ್ನದೇ ವಯಸ್ಸಿರಬೇಕು. ಜರಿ ಲಂಗ, ಕೈಯಲ್ಲಿ ಒಂದು ಬಳೆಯೂ ಇಲ್ಲ, ಜಡೆಯನ್ನು ಬಿಗಿಯಾಗಿ ಸುತ್ತಿ ಪಿನ್ನು ಹಾಕಿದ್ದಳು. ನಗುತ್ತಾ ಪೆಟ್ಟಿಗೆಯೊಳಗೆ ಹೋದಳು. ಮುಚ್ಚಳ ಬೀಳುವ ಮೊದಲು ಒಂದೇ ಒಂದು ಕ್ಷಣ ಆ ನಗು ಹೋಯ್ತು. ಗಲ್ಲವನ್ನು ಎದೆಗೆ ಒತ್ತಿಕೊಂಡು ದೀರ್ಘ ಉಸಿರು ಬಿಟ್ಟಳು. ಎಡತುದಿಯಲ್ಲಿ ಕೂತವರಿಗೆ ಮಾತ್ರ ಅದು ಕಂಡಿದ್ದು. ಆಮೇಲೆ ಒಳಗೆ ಏನಾಯ್ತು ಅನ್ನೋದರಲ್ಲಿ ನಾನು ಊಹಿಸಿದ್ದೂ ಇದೆ. ಬರೆಯಲ್ಲ, ಅದು ಅವರ ಹೊಟ್ಟೆಪಾಡು. ಹೊರಗೆ ಮಹಾರಾಜರು ಕೂಗುತ್ತಾ, ಕಣ್ಣು ಅರಳಿಸುತ್ತಾ ಒಂದೊಂದೇ ಕತ್ತಿ ತೂರಿಸಿದರು. ಡ್ರಮ್ಮು ಕಿವಿ ಒಡೆಯುವಂತೆ ಹೊಡೆದರು. ಬಾಗಿಲು ತೆಗೆದಾಗ ಹುಡುಗಿ ನಗುತ್ತಲೇ ಇಳಿದಳು. ಕತ್ತಿನ ಹಿಂದೆ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಮೊಣಕೈಯಲ್ಲಿ ಚರ್ಮ ಕಪ್ಪುಗಟ್ಟಿತ್ತು, ಮೇಲೊಂದು ಬ್ಯಾಂಡೇಜು.

ಇಳಿದವಳು ಏನು ಮಾಡಿದಳು ಗೊತ್ತಾ? ಎರಡೂ ಕೈ ಚಾಚಿ ಜಾದೂಗಾರರನ್ನು ತೋರಿಸಿದಳು. ಜನ ಅವರಿಗೆ ಚಪ್ಪಾಳೆ ಹೊಡೆದರು.

ಇಂಟರ್ವಲ್‌ನಲ್ಲಿ ಅದೇ ಹುಡುಗಿ ಶಾಲು ಹೊದ್ದುಕೊಂಡು ಬಾಗಿಲ ಹತ್ತಿರ ಮ್ಯಾಜಿಕ್ ಕಿಟ್ ಮಾರುತ್ತಿದ್ದಳು. ನನ್ನ ಹಿಂದಿ ನಿನಗೆ ಗೊತ್ತೇ ಇದೆ. ಅದರಲ್ಲೇ ಕೇಳಿದೆ, ಒಳಗೆ ಭಯ ಆಗಲ್ವಾ ಅಂತ. ‘ಭಯ ಏನಿಲ್ಲ ಮಾಸಿ. ಪೆಟ್ಟಿಗೆ ನನ್ನ ಅಳತೆಗೆ ಮಾಡಿಸಿದ್ದು. ನಾನು ದಪ್ಪ ಆದರೆ ಸರ್‌ಗೆ ಖರ್ಚು’ ಅಂದಳು. ಊಟದ ವಿಷಯದಲ್ಲಿ ಸರ್ ತುಂಬಾ ಸ್ಟ್ರಿಕ್ಟ್ ಅಂತೆ. ಮತ್ತೆ ನಕ್ಕು ಕಿಟ್ ಕೈಗಿಟ್ಟಳು. ಅಲ್ಲೇ ಗೋಡೆಯ ಮೇಲೆ ಪೋಸ್ಟರ್ ಇತ್ತು. ಸರ್ ಆಳೆತ್ತರ ಇದ್ದರು. ಮೂಲೆಯಲ್ಲಿ ಇವಳದೊಂದು ಸಣ್ಣ ಫೋಟೋ. ಹೆಸರಿಲ್ಲ.

ರಾತ್ರಿ ರೂಮಿಗೆ ಬಂದು ನಾನೂ ಸರೋಜ ಆಂಟಿಯೂ ಫೋನಿನಲ್ಲಿ ಹುಡುಕಿ ಓದಿದ್ದೇ ಓದಿದ್ದು. ಹೆಂಗಸನ್ನು ಪೆಟ್ಟಿಗೆಯಲ್ಲಿ ಹಾಕಿ ಗರಗಸದಲ್ಲಿ ಕೊಯ್ಯುವ ಆಟವನ್ನು ಮೊದಲು ಜನರೆದುರು ಮಾಡಿದ್ದು ಸೆಲ್ಬಿಟ್ ಅನ್ನುವವನು, 1921ರ ಜನವರಿಯಲ್ಲಿ, ಲಂಡನ್ನಿನಲ್ಲಿ. ಅಲ್ಲಿ ಹೆಂಗಸರಿಗೆ, ಅದೂ ಮೂವತ್ತು ದಾಟಿದವರಿಗೆ, ಓಟು ಸಿಕ್ಕಿ ಆಗ ಮೂರು ವರ್ಷ ಆಗಿತ್ತಷ್ಟೆ. ಅವನು ಓಟಿಗಾಗಿ ಬೀದಿಗಿಳಿದು ಹೋರಾಡಿದ ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಅವರಿಗೇ ಕೇಳಿಸಿದನಂತೆ, ವಾರಕ್ಕೆ 20 ಪೌಂಡ್ ಕೊಡ್ತೀನಿ, ಬಂದು ಕೊಯ್ಸಿಕೊಳ್ತೀರಾ ಅಂತ! ಆಕೆ ಒಪ್ಪಲಿಲ್ಲ. ಕೊಬ್ಬು ನೋಡು ಅವನದು. ಪ್ರಚಾರಕ್ಕೆ ಅಂತಲೇ ಮಾಡಿದ್ದು, ಆದರೂ.

ಇನ್ನೊಂದು ನಮ್ಮ ಹಿರಿಯ ಸರ್ಕಾರರದ್ದೇ. 1956ರ ಏಪ್ರಿಲ್ 9, ಬಿಬಿಸಿಯ ‘ಪನೋರಮ’ ಕಾರ್ಯಕ್ರಮ, ನೇರಪ್ರಸಾರ. ದೀಪ್ತಿ ಡೇ ಅನ್ನುವ 17ರ ಹುಡುಗಿಯನ್ನು ಮೇಜಿನ ಮೇಲೆ ಮಲಗಿಸಿ ದೊಡ್ಡ ತಿರುಗುವ ಗರಗಸದಿಂದ ಕೊಯ್ದರು. ಆಮೇಲೆ ಎಬ್ಬಿಸೋಕೆ ಕೈ ಉಜ್ಜಿದರು, ಅಲ್ಲಾಡಿಸಿದರು. ಅವಳು ಏಳಲಿಲ್ಲ. ಅಷ್ಟರಲ್ಲಿ ನಿರೂಪಕ ಕ್ಯಾಮೆರಾದ ಮುಂದೆ ಬಂದು ಕಾರ್ಯಕ್ರಮ ಮುಗಿಯಿತು ಅಂದುಬಿಟ್ಟ. ಹುಡುಗಿ ಸತ್ತೇ ಹೋದಳು ಅಂತ ಜನ ಗಾಬರಿಯಾಗಿ ಬಿಬಿಸಿಗೆ ಫೋನು ಮಾಡಿದ್ದೇ ಮಾಡಿದ್ದು. ಅವಳಿಗೇನೂ ಆಗಿರಲಿಲ್ಲ, ಟೈಮ್ ಮೀರಿತ್ತು ಅಷ್ಟೆ ಅಂದರು. ಬೇಕಂತಲೇ ಟೈಮ್ ಮೀರಿಸಿದ್ದು ಅಂತಲೂ ಹೇಳುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಏನಾದರಾಗಲಿ, ಮರುದಿನ ಪೇಪರಿನ ತುಂಬ ಅದೇ ಸುದ್ದಿ, ಲಂಡನ್ನಿನಲ್ಲಿ ಸರ್ಕಾರರ ಶೋಗೆ ಟಿಕೆಟ್ ಸಿಗದ ಹಾಗಾಯ್ತು. ಜನ ಉಸಿರು ಬಿಗಿಹಿಡಿದಿದ್ದು ದೀಪ್ತಿಗಾಗಿ, ಹೌಸ್‌ಫುಲ್ ಬೋರ್ಡು ಸರ್ಕಾರರಿಗೆ. ಎದ್ದೇಳದೆ ಮಲಗಿರೋದೂ ಒಂದು ಕೆಲಸ ಅಲ್ವಾ? ಕಣ್ಣು ಮಿಟುಕಿಸಿದ್ದರೆ ಎಲ್ಲ ಹಾಳಾಗುತ್ತಿತ್ತು.

ಈಗ ಆ ಮನೆಯ ಮೊಮ್ಮಗಳು ಮನೇಕಾ ಸರ್ಕಾರ್ ತಾನೇ ಜಾದೂಗಾರ್ತಿ. ಪೆಟ್ಟಿಗೆಯ ಹೊರಗೆ ನಿಂತು ಶೋ ನಡೆಸುತ್ತಾಳೆ. ಸರೋಜ ಆಂಟಿ ಮುಂದಿನ ಚಳಿಗಾಲಕ್ಕೆ ಈಗಲೇ ಪ್ಲಾನ್ ಹಾಕಿದ್ದಾರೆ.

ನಿನಗೆ ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಹೋದ ತಿಂಗಳು ನೀನು ಹೇಳಿದ್ದು ತಲೆಯಲ್ಲೇ ಇತ್ತು. ರಾತ್ರಿಯೆಲ್ಲ ಕೂತು ಲೆಕ್ಕ ತೆಗೆದವಳು ನೀನು. ಕ್ಲೈಂಟ್ ಮುಂದೆ ಮಾತಾಡಿದ್ದು ನಿಮ್ಮ ಮ್ಯಾನೇಜರ್. ನೀನು ಮೂಲೆಯಲ್ಲಿ ಕೂತು ಸ್ಲೈಡ್ ಬದಲಾಯಿಸುತ್ತಿದ್ದೆ. ಅವರು ಚೆನ್ನಾಗಿ ಮಾತಾಡಿದ್ರು ಅಂತ ಕೊನೆಗೆ ನೀನೇ ಎಲ್ಲರಿಗೂ ಮೇಲ್ ಹಾಕಿದೆ. ಹೊಸದರಲ್ಲಿ ಎಲ್ಲ ಹಾಗೇ ಅಂತಾರೆ ನಿಮ್ಮಪ್ಪ. ನನಗೆ ಒಪ್ಪಿಗೆ ಇಲ್ಲ. ಮಾರ್ಚ್ ಕ್ಲೋಸಿಂಗ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಕೂತು ಲೆಕ್ಕ ತಾಳೆ ಮಾಡಿದವರು ನಾವು, ಶಾಲು ಹೊದೆಸಿಕೊಂಡವರು ಬೇರೆ. ಹೊಸದರಲ್ಲೂ ಹಾಗೇ ಇತ್ತು, ರಿಟೈರ್ ಆಗುವ ವರ್ಷವೂ ಹಾಗೇ ಇತ್ತು.

ಜಗಳ ಆಡು ಅಂತ ಹೇಳುತ್ತಿಲ್ಲ. ಜನವರಿ ರಿವ್ಯೂನಲ್ಲಿ ಲೆಕ್ಕದ ಭಾಗ ಮಾತ್ರ ನಾನು ಹೇಳ್ತೀನಿ ಸರ್ ಅಂತ ಕೇಳು. ಪೂರ್ತಿ ಬೇಡ, ಅದೊಂದೇ. ಕ್ಲೈಂಟ್ ಏನಾದರೂ ಕೇಳಿದರೆ ಉತ್ತರ ಗೊತ್ತಿರೋದು ಹೇಗೂ ನಿನಗೇ. ಏನಂದರು ಅಂತ ನನಗೆ ಹೇಳಬೇಕು.

ಸಂದೇಶ್ ತರಲಿಲ್ಲ, ಎರಡು ದಿನಕ್ಕೆ ಕೆಡುತ್ತದೆ. ನಿನಗೊಂದು ತಾಂತ್ ಸೀರೆ ತಂದಿದ್ದೇನೆ, ಸಾಸಿವೆ ಬಣ್ಣ, ಕೆಂಪು ಅಂಚು. ಬ್ಲೌಸ್ ಅಳತೆ ಕಳಿಸಿದರೆ ಇಲ್ಲೇ ಹೊಲಿಸಿಡುತ್ತೇನೆ. ಸಂಕ್ರಾಂತಿಗೆ ಟಿಕೆಟ್ ಮಾಡಿಸಿದೆಯಾ? ಆಮೇಲೆ ವೇಯ್ಟಿಂಗ್ ಲಿಸ್ಟ್ ಅಂತ ಹೇಳಬೇಡ.

ಇಂತಿ ನಿನ್ನ,
ಅಮ್ಮ