ಪಂಚಾಯ್ತಿ ಆಮೇಲೆ, ಆಸ್ಪತ್ರೆ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ರೈಲಿನಲ್ಲಿ ಯಾರಾದರೂ ಬಿಸ್ಕತ್ತು ಕೊಟ್ಟರೆ ಬೇಡ ಅನ್ನು, ಗುರುತಿಲ್ಲದವರ ಕೈಯಿಂದ ಏನೂ ತಿನ್ನಬೇಡ ಅಂತ ಎಲ್ಲ ಅಮ್ಮಂದಿರೂ ಹೇಳಿಕೊಡುತ್ತಾರೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆ ಬುದ್ಧಿಮಾತು ಸಾಲದು. ಕೊಟ್ಟವರು ಮನೆಯವರೇ ಆಗಿದ್ದರೆ? ಮಾವನೋ ಚಿಕ್ಕಪ್ಪನೋ ಗೆಳತಿಯ ಅಪ್ಪನೋ, ಎಲ್ಲರೂ ಒಳ್ಳೆಯವರು ಅನ್ನುವವರೇ ಮಕ್ಕಳ ಊಟದಲ್ಲಿ ಏನೋ ಬೆರೆಸಿದ್ದಾರೆ ಎಂಬ ಆರೋಪ ಬಂದರೆ ಏನು ಮಾಡುವುದು? ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ನಿನ್ನ ಗೆಳತಿಯರಿಗೂ ಕೊಡು.

ಇಂಥ ಆರೋಪ ಬಂದ ಕೂಡಲೇ ಮನೆ ಎರಡಾಗುತ್ತದೆ. ‘ಅವರು ಹಾಗೆ ಮಾಡುವವರೇ ಅಲ್ಲ’ ಅಂತ ಒಂದು ಗುಂಪು, ‘ನನಗೆ ಮೊದಲೇ ಅನುಮಾನವಿತ್ತು’ ಅಂತ ಇನ್ನೊಂದು. ಹಿರಿಯರು ಕೂರುತ್ತಾರೆ, ಮಾತುಕತೆ ನಡೆಯುತ್ತದೆ, ಬೆಳಗಾಗುತ್ತದೆ. ಅಷ್ಟರಲ್ಲಿ ಮಗುವಿನ ಮೈಯಲ್ಲಿದ್ದ ಔಷಧಿ ಮೂತ್ರದಲ್ಲಿ ಹೋಗಿರುತ್ತದೆ, ಲೋಟ ತೊಳೆದಿರುತ್ತದೆ. ಆಮೇಲೆ ಸತ್ಯ ತಿಳಿಯುವ ದಾರಿ ಬಹಳ ಕಿರಿದು. ಆರೋಪ ನಿಜವಾಗಿದ್ದರೆ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ, ಸುಳ್ಳಾಗಿದ್ದರೆ ನಿರಪರಾಧಿ ಜೀವನವಿಡೀ ಕಳಂಕ ಹೊರುತ್ತಾನೆ. ಆದ್ದರಿಂದ ಯಾರನ್ನು ನಂಬಬೇಕು ಅನ್ನುವ ಚರ್ಚೆಗಿಂತ ಮೊದಲು ಮೂತ್ರದ ಮಾದರಿ ಬಾಟಲಿಯಲ್ಲಿ ಇರಬೇಕು. ಪರೀಕ್ಷೆಗೆ ಯಾರ ಪಕ್ಷವೂ ಇಲ್ಲ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಲೇಕ್ ಓಸ್ವೀಗೊ ಅನ್ನುವ ಊರಲ್ಲಿ 2023ರ ಆಗಸ್ಟಿನಲ್ಲಿ ನಡೆದದ್ದನ್ನು ನೀನು ತಿಳಿದಿರಬೇಕು. 12 ವರ್ಷದ ಮೂವರು ಹುಡುಗಿಯರು ರಾತ್ರಿ ಉಳಿಯಲೆಂದು ಗೆಳತಿಯ ಮನೆಗೆ ಹೋಗಿದ್ದರು. ಗೆಳತಿಯ ಅಪ್ಪ ಮಾವಿನ ಹಣ್ಣಿನ ಸ್ಮೂದಿ ಮಾಡಿಕೊಟ್ಟ, ಕುಡಿಯುವಂತೆ ಒತ್ತಾಯ ಮಾಡಿದ. ಅದರಲ್ಲಿ ನಿದ್ದೆಯ ಔಷಧಿ ಇತ್ತು. ಇಬ್ಬರು ಗಾಢ ನಿದ್ದೆಗೆ ಜಾರಿದರು. ಸರಿಯಾಗಿ ಕುಡಿಯದ ಒಬ್ಬಳು ಎಚ್ಚರವಿದ್ದಳು. ಅವನು ಕೋಣೆಗೆ ಬಂದು ಮಕ್ಕಳು ನಿಜವಾಗಿ ಮಲಗಿದ್ದಾರೋ ಇಲ್ಲವೋ ಅಂತ ಪರೀಕ್ಷಿಸುವುದನ್ನು ಕಂಡಳು. ಅವಳು ಕಿರುಚಲಿಲ್ಲ, ಅವನನ್ನು ಪ್ರಶ್ನಿಸಲಿಲ್ಲ. ನನ್ನನ್ನು ಕರೆದುಕೊಂಡು ಹೋಗು, ಮನೆಯಲ್ಲಿ ಏನೋ ತುರ್ತು ಅಂತ ಹೇಳು ಎಂದು ಅಮ್ಮನಿಗೆ ಮೆಸೇಜು ಕಳಿಸಿದಳು. ಅಮ್ಮನಿಂದ ಉತ್ತರ ಬರಲಿಲ್ಲ. ಬೇರೆಯವರಿಗೂ ಕಳಿಸಿದಳು. ಕುಟುಂಬದ ಸ್ನೇಹಿತರೊಬ್ಬರು ನಡುರಾತ್ರಿ ಬಂದು ಅವಳನ್ನು ಕರೆದೊಯ್ದರು. ಉಳಿದಿಬ್ಬರ ಹೆತ್ತವರನ್ನೂ ಎಬ್ಬಿಸಿ, ಮೂವರನ್ನೂ ಆಸ್ಪತ್ರೆಗೆ ಸೇರಿಸಿದರು. ಪರೀಕ್ಷೆಯಲ್ಲಿ ಬೆಂಜೊಡಯಜಪಿನ್ ಅನ್ನುವ, ನಿದ್ದೆ ಬರಿಸುವ ಗುಂಪಿನ ಔಷಧಿ ಸಿಕ್ಕಿತು. 2024ರ ಜೂನ್‌ನಲ್ಲಿ ಅವನು ತಪ್ಪೊಪ್ಪಿಕೊಂಡ, 2 ವರ್ಷ ಜೈಲು ಶಿಕ್ಷೆಯಾಯಿತು. ಅದೇ ರಾತ್ರಿ ಪರೀಕ್ಷೆ ಆಗದಿದ್ದರೆ ಉಳಿಯುತ್ತಿದ್ದದ್ದು ಮಕ್ಕಳ ಮಾತು ಮತ್ತು ದೊಡ್ಡವನ ಮಾತು, ಅಷ್ಟೇ.

ಹುಡುಗಿಯರು ಬೇಗ ಮಲಗಲಿ ಅಂತ ಹಾಗೆ ಮಾಡಿದೆ ಅಂದ ಅವನು. ಆ ನೆಪ ನಮ್ಮಲ್ಲೂ ಚೆನ್ನಾಗಿ ಬೇರು ಬಿಟ್ಟಿದೆ. ಗಂಡನ ಕುಡಿತ ಬಿಡಿಸಲು ಡೈಸಲ್ಫಿರಾಮ್ ಮಾತ್ರೆಯನ್ನು ಗೊತ್ತಾಗದ ಹಾಗೆ ಸಾರಿನಲ್ಲಿ ಕಲಸುವ ಮನೆಗಳಿವೆ. ಮೇಲೆ ಒಂದು ಪೆಗ್ ಹಾಕಿದರೆ ಮುಖ ಕೆಂಪಾಗಿ, ಎದೆ ಬಡಿತ ಏರಿ, ಬಿಪಿ ಕುಸಿದು ಜೀವಕ್ಕೇ ಅಪಾಯ ಅನ್ನುವುದು ಅವರಿಗೆ ತಿಳಿದಿರುವುದಿಲ್ಲ. ಗಲಾಟೆ ಮಾಡುವ ಮಕ್ಕಳಿಗೆ ಕೆಮ್ಮಿನ ಸಿರಪ್ ಕುಡಿಸಿ ಮಲಗಿಸುವವರಿದ್ದಾರೆ. ನಿನ್ನ ಒಳ್ಳೆಯದಕ್ಕೇ ಅಂದರೂ, ನಿನಗೆ ತಿಳಿಸದೆ ನಿನ್ನ ತಟ್ಟೆಗೆ ಔಷಧಿ ಹಾಕುವ ಹಕ್ಕು ಯಾರಿಗೂ ಇಲ್ಲ. ನನಗೂ ಇಲ್ಲ.

ಇನ್ನು ಗುರುತಿಸುವುದು ಹೇಗೆ ಅಂತ. ಬಣ್ಣ, ರುಚಿ, ವಾಸನೆ ನೆಚ್ಚಬೇಡ. ಪಾನೀಯ ಪರೀಕ್ಷಿಸುವ ಪಟ್ಟಿ ಅಂತ ಆನ್‌ಲೈನಿನಲ್ಲಿ ಮಾರುವುದು ಒಂದೆರಡು ಔಷಧಿಗಳನ್ನಷ್ಟೇ ಹಿಡಿಯುತ್ತದೆ, ಅದನ್ನೂ ನೆಚ್ಚಬೇಡ. ಮೈ ಏನು ಹೇಳುತ್ತದೆ ನೋಡು. ನಿದ್ದೆ ಮಾತ್ರೆ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲೆ ಭಾರ, ನಾಲಿಗೆ ತೊದಲು, ನಡಿಗೆ ತೂರಾಟ, ಒಂದು ಎರಡಾಗಿ ಕಾಣುವುದು, ತಡೆಯಲಾಗದ ನಿದ್ದೆ. ಇದಕ್ಕಿಂತ ಮುಖ್ಯವಾದದ್ದು ನೆನಪಿನ ತೂತು. ಈ ಔಷಧಿಗಳು ಹೊಸ ನೆನಪು ಕೂರದಂತೆ ಮಾಡುತ್ತವೆ. ಆ ಹೊತ್ತಿನಲ್ಲಿ ನೀನು ನಡೆದಿರಬಹುದು, ಮಾತಾಡಿರಬಹುದು, ಫೋಟೋದಲ್ಲಿ ನಕ್ಕಿರಲೂಬಹುದು, ಬೆಳಗ್ಗೆ ಒಂದೂ ನೆನಪಿರುವುದಿಲ್ಲ. ‘ಚೆನ್ನಾಗೇ ಮಾತಾಡುತ್ತಿದ್ದಳಲ್ಲ’ ಅಂತ ಯಾರಾದರೂ ಅಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಎಲ್ಲವೂ ನಿದ್ದೆ ಮಾತ್ರೆಯೇ ಆಗಬೇಕಿಲ್ಲ. ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮೈ ಕೆಂಪಾಗಿ ಬಿಸಿಯಾಗಿ, ಇಲ್ಲದ್ದು ಕಂಡಂತಾಗಿ ಬಡಬಡಿಸಿದರೆ ಅದು ಉಮ್ಮತ್ತಿ ಬೀಜದ ಲಕ್ಷಣ. ಭಾಂಗ್ ತಿಂದಾಗ ಒಂದೆರಡು ಗಂಟೆ ಏನೂ ಆಗದೆ ಆಮೇಲೆ ಏರುವುದುಂಟು. ಅಲರ್ಜಿ ಮಾತ್ರೆ, ಬಸ್ಸಿನಲ್ಲಿ ವಾಂತಿಯಾಗದಂತೆ ತೆಗೆದುಕೊಳ್ಳುವ ಮಾತ್ರೆ, ಸಕ್ಕರೆ ಅಂಶ ಇಳಿದದ್ದು, ಕೆಟ್ಟ ಊಟ ಕೂಡ ತಲೆ ತಿರುಗಿಸುತ್ತವೆ. ಯಾವುದು ಅಂತ ನಿರ್ಧರಿಸುವುದು ನಿನ್ನ ಕೆಲಸವಲ್ಲ, ವೈದ್ಯರದು. ಆದರೆ ನಿನ್ನದೇ ಲೋಟ ಅಂತ ಬೇರೆ ಇಟ್ಟು ಕೊಡುವುದು, ಪೂರ್ತಿ ಕುಡಿಯುವ ತನಕ ಎದುರಿಗೇ ನಿಲ್ಲುವುದು, ತಾನು ಅದನ್ನು ಮುಟ್ಟದಿರುವುದು, ನಿದ್ದೆ ಬಂತಾ ಅಂತ ಮತ್ತೆ ಮತ್ತೆ ಬಂದು ನೋಡುವುದು, ಇವನ್ನು ಗಮನಿಸಿದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಯಾರಿಗಾದರೂ ಹೇಳು.

ಅನುಮಾನ ಬಂದ ಕ್ಷಣ ಕುಡಿಯುವುದನ್ನು ನಿಲ್ಲಿಸು. ಎದುರಿಗೆ ಜಗಳ ಬೇಡ, ನೀನು ಒಬ್ಬಳೇ ಇರುವಾಗ ಅದು ಅಪಾಯ. ಜೊತೆಗಿರುವ ಹುಡುಗಿಯರನ್ನು ಬಿಟ್ಟು ದೂರ ಹೋಗಬೇಡ. ನನಗೆ ‘ಅಜ್ಜಿಯ ಬಿಪಿ ಮಾತ್ರೆ ಎಲ್ಲಿಟ್ಟಿದ್ದೀಯ?’ ಅಂತ ಮೆಸೇಜು ಹಾಕಿ ಲೊಕೇಶನ್ ಕಳಿಸು. ಆ ಒಂದು ಸಾಲಿಗೆ ಯಾಕೆ ಏನು ಅಂತ ಕೇಳದೆ ನಾನು ಹೊರಡುತ್ತೇನೆ, ಅಜ್ಜಿಗೆ ಹುಷಾರಿಲ್ಲ ಅಂತ ಆ ಮನೆಗೆ ನಾನೇ ಫೋನು ಮಾಡುತ್ತೇನೆ. ನಾನು ಫೋನು ಎತ್ತದಿದ್ದರೆ ಅಪ್ಪ, ಅವರೂ ಸಿಗದಿದ್ದರೆ ಸುಮತಿ ಅತ್ತೆ. ಒಂದೇ ನಂಬರು ನೆಚ್ಚಿಕೊಂಡರೆ ಆಗುವುದಿಲ್ಲ. ಯಾರೂ ಸಿಗದಿದ್ದರೆ 112.

ಯಾರಾದರೂ ಈಗಾಗಲೇ ಮಂಪರಿಗೆ ಜಾರಿದ್ದರೆ, ಮಲಗಿ ಎದ್ದರೆ ಸರಿಹೋಗುತ್ತದೆ ಅಂತ ಬಿಡಬಾರದು. ವಾಂತಿ ಬಂದರೆ ಉಸಿರುನಾಳಕ್ಕೆ ಹೋಗದಂತೆ ಎಡಮಗ್ಗುಲಿಗೆ ಮಲಗಿಸು, ಮೇಲಿನ ಕಾಲು ಮಡಚಿರಲಿ, ಗಲ್ಲ ಸ್ವಲ್ಪ ಮೇಲಕ್ಕಿರಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಬಾಯಿಗೆ ನಿಂಬೆರಸ, ಮಜ್ಜಿಗೆ, ಕಾಫಿ ಹಾಕುವುದು, ತಣ್ಣೀರು ಸುರಿಯುವುದು ಯಾವುದೂ ಬೇಡ. ಮಂಪರಿನಲ್ಲಿರುವವರಿಗೆ ನುಂಗುವ ಹಿಡಿತ ಇರುವುದಿಲ್ಲ, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಡಿಯಾರ ನೋಡಿ ಉಸಿರು ಎಣಿಸು. ನಿಮಿಷಕ್ಕೆ 10ಕ್ಕಿಂತ ಕಡಿಮೆಯಾದರೆ, ತುಟಿ ನೀಲಿಯಾದರೆ, ಅಲುಗಾಡಿಸಿದರೂ ಕಣ್ಣು ತೆರೆಯದಿದ್ದರೆ 108ಕ್ಕೆ ತಡ ಮಾಡದೆ ಫೋನು ಮಾಡು. ನಿದ್ದೆ ಮಾತ್ರೆಯ ಜೊತೆ ಮದ್ಯವೋ ಟ್ರಮಡಾಲ್‌ನಂಥ ನೋವಿನ ಮಾತ್ರೆಯೋ ಸೇರಿದ್ದರೆ ಉಸಿರು ಬೇಗ ಕುಗ್ಗುತ್ತದೆ.

ಈಗ ನಾನು ತುಂಬ ಒತ್ತಿ ಹೇಳಬೇಕಾದ ಭಾಗ. ರಕ್ತದಲ್ಲಿ ಇಂಥ ಔಷಧಿ ಹುಡುಕಲು ಸುಮಾರು 24 ಗಂಟೆ, ಮೂತ್ರದಲ್ಲಿ ಸುಮಾರು 120 ಗಂಟೆ ಅನ್ನುವುದು ತಜ್ಞರು ಇಟ್ಟುಕೊಳ್ಳುವ ಗಡುವು. ಜಿಎಚ್‌ಬಿ ಅನ್ನುವ, ಮಂಪರು ಬರಿಸುವ ದ್ರವವಾದರೆ ಮೂತ್ರದಲ್ಲೂ 12 ಗಂಟೆಯಷ್ಟೇ. ಹಾಗಾಗಿ ಮೊದಲ ಮೂತ್ರವೇ ಬಹಳ ಮುಖ್ಯ. ಆಸ್ಪತ್ರೆ ತಲುಪುವ ತನಕ ತಡೆಯಲಾಗದಿದ್ದರೆ ಶುದ್ಧವಾದ, ಒಣಗಿದ, ಮುಚ್ಚಳವಿರುವ ಬಾಟಲಿಯಲ್ಲಿ ಹಿಡಿದು, ಹೆಸರು, ತಾರೀಕು, ಗಂಟೆ ಬರೆದು ಫ್ರಿಜ್ಜಿನಲ್ಲಿಡು. 100 ಎಂಎಲ್ ಸಿಕ್ಕರೆ ಒಳ್ಳೆಯದು. ಮೈಮೇಲೆ ಬೇರೆ ರೀತಿಯ ದೌರ್ಜನ್ಯವೂ ನಡೆದಿರಬಹುದು ಅನ್ನಿಸಿದರೆ ಸ್ನಾನ ಬೇಡ, ಬಟ್ಟೆ ಒಗೆಯುವುದು ಬೇಡ. ಏನಾದರೂ ಒರೆಸಿಕೊಂಡಿದ್ದರೆ ಆ ಬಟ್ಟೆಯನ್ನೂ ಇಡು. ಬಟ್ಟೆಯನ್ನು ಕಾಗದದ ಚೀಲದಲ್ಲೇ ಇಡಬೇಕು, ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಸಾಕ್ಷ್ಯ ಕೊಳೆಯುತ್ತದೆ. ಮಿಕ್ಕ ಊಟ, ಲೋಟದ ತಳದಲ್ಲಿ ಉಳಿದದ್ದು, ವಾಂತಿ, ಕಸದ ಬುಟ್ಟಿಯ ಮಾತ್ರೆ ಪಟ್ಟಿ ಒಂದನ್ನೂ ಎಸೆಯಬಾರದು. ಲೋಟವನ್ನು ಹಾಗೇ ಮುಚ್ಚಿ ಫ್ರಿಜ್ಜಿಗೆ. ಎತ್ತುವ ಮೊದಲು ಅದು ಇದ್ದ ಜಾಗದಲ್ಲೇ ಫೋಟೋ ತೆಗೆ. ರುಚಿ ನೋಡುವುದು ಬೇಡ.

ಆಸ್ಪತ್ರೆಯಲ್ಲಿ ‘ತಲೆ ಸುತ್ತು’ ಅಂತ ಮಾತ್ರ ಹೇಳಿದರೆ ಗ್ಲೂಕೋಸ್ ಹಾಕಿ ಮನೆಗೆ ಕಳಿಸುತ್ತಾರೆ. ‘ಊಟದಲ್ಲಿ ಔಷಧಿ ಬೆರೆಸಿದ ಅನುಮಾನವಿದೆ, ಎಂಎಲ್‌ಸಿ ಮಾಡಿ, ರಕ್ತ ಮತ್ತು ಮೂತ್ರ ಎಫ್‌ಎಸ್‌ಎಲ್‌ಗೆ ಸೀಲ್ ಮಾಡಿ ಇಡಿ’ ಅಂತ ಇದೇ ಮಾತಿನಲ್ಲಿ ಹೇಳಬೇಕು. ಎಂಎಲ್‌ಸಿ ಅಂದರೆ ಪೊಲೀಸರಿಗೂ ತಿಳಿಸಿ ಕಾನೂನು ಪ್ರಕರಣವಾಗಿ ದಾಖಲಿಸುವುದು, ಎಫ್‌ಎಸ್‌ಎಲ್ ಅಂದರೆ ವಿಧಿವಿಜ್ಞಾನ ಪ್ರಯೋಗಾಲಯ. ರಕ್ತವನ್ನು ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿನಲ್ಲಿ ತೆಗೆಯಬೇಕು. ಕೊನೆಗೆ ಏನು ತಿಂದೆ, ಎಷ್ಟು ಗಂಟೆಗೆ, ನೀನಾಗಿ ತೆಗೆದುಕೊಂಡ ಮಾತ್ರೆ ಯಾವುದು ಎಲ್ಲವನ್ನೂ ಮುಚ್ಚಿಡದೆ ಹೇಳು. ಗೆಳತಿಯರ ಜೊತೆ ಒಂದು ಗುಟುಕು ಬಿಯರ್ ಕುಡಿದಿದ್ದರೂ ಹೇಳು, ಆ ವಿಷಯಕ್ಕೆ ನಾನು ಬೈಯುವುದಿಲ್ಲ.

ಇಲ್ಲಿ ಬಹಳ ಮನೆಗಳು ಎಡವುತ್ತವೆ. ಆಸ್ಪತ್ರೆಯಲ್ಲಿ ಪಟ್ಟಿ ಅದ್ದಿ ಮಾಡುವ ಮೂತ್ರ ಪರೀಕ್ಷೆ ‘ನೆಗೆಟಿವ್’ ಬಂತು ಅಂತ ಆರೋಪವೇ ಸುಳ್ಳು ಅಂದುಬಿಡುತ್ತಾರೆ. ಆ ಪಟ್ಟಿಗೆ ಲೊರಾಜಪಾಮ್, ಕ್ಲೊನಜಪಾಮ್‌ನಂಥ ಬೆಂಜೊಡಯಜಪಿನ್ ಮಾತ್ರೆಗಳು ತಪ್ಪಿಹೋಗುವುದು ಮಾಮೂಲು. ಜೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆಯನ್ನು ಅದು ಹಿಡಿಯುವುದೇ ಇಲ್ಲ. ಸರಿಯಾದ ಉತ್ತರ ಬೇಕಾದರೆ ಔಷಧಿಯ ಅಣುವನ್ನೇ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಪರೀಕ್ಷೆ ಆಗಬೇಕು, ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆ. ಮಾದರಿ ಯಾರ ಕೈಯಿಂದ ಯಾರ ಕೈಗೆ ಎಷ್ಟು ಹೊತ್ತಿಗೆ ಹೋಯಿತು ಅನ್ನುವ ಬರಹ ಇಲ್ಲದಿದ್ದರೆ ಕೋರ್ಟಿನಲ್ಲಿ ಒಳ್ಳೆಯ ವರದಿಯೂ ಬಿದ್ದುಹೋಗುತ್ತದೆ.

ದಿನಗಳು ಕಳೆದುಹೋಗಿದ್ದರೂ ಕೈಚೆಲ್ಲಬಾರದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ತಿಂದ ಔಷಧಿಯ ಕುರುಹು ಅದರಲ್ಲಿ ಉಳಿಯುತ್ತದೆ. ಘಟನೆಯಾಗಿ ಸುಮಾರು 4 ವಾರದ ನಂತರ ತಲೆಯ ಹಿಂಭಾಗದಿಂದ, ಬುಡಕ್ಕೆ ಹತ್ತಿರವಾಗಿ ಕತ್ತರಿಸಿ, ಬುಡ ಯಾವ ಕಡೆ ಅಂತ ಗುರುತು ಹಾಕಿ ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿಯವರೆಗೆ ಬಣ್ಣ, ಬ್ಲೀಚ್ ಹಾಕಬಾರದು. ಕೂದಲಿನಲ್ಲಿ ಏನೂ ಸಿಗಲಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅರ್ಥವಲ್ಲ, ಒಂದೇ ಸಲದ ಸಣ್ಣ ಪ್ರಮಾಣ ತಪ್ಪಿಸಿಕೊಳ್ಳಬಹುದು. ಫ್ರಾನ್ಸಿನ ಮಜಾನ್ ಊರಿನ ಜೀಸೆಲ್ ಪೆಲಿಕೋ ಅವರಿಗೆ ಗಂಡನೇ ಸುಮಾರು 10 ವರ್ಷ ಊಟ, ಪಾನೀಯದಲ್ಲಿ ಲೊರಾಜಪಾಮ್ ಬೆರೆಸುತ್ತಿದ್ದ. ಮರೆವು ಬರುತ್ತಿದೆ ಅಂತ ಆಕೆ ವೈದ್ಯರ ಬಳಿ ಅಲೆದರು, ಮಿದುಳಿನ ಕಾಯಿಲೆ ಅಂದುಕೊಂಡು ಹೆದರಿದರು. ಔಷಧಿಯ ಪರೀಕ್ಷೆ ಮಾಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. 2024ರ ಡಿಸೆಂಬರಿನಲ್ಲಿ ಅವಿನ್ಯೋನ್ ನ್ಯಾಯಾಲಯ ಅವನಿಗೆ 20 ವರ್ಷ ವಿಧಿಸಿತು. ಒಂದೇ ಮನೆಗೆ ಹೋಗಿಬಂದಾಗಲೆಲ್ಲ ಯಾರಿಗಾದರೂ ನೆನಪು ತಪ್ಪುತ್ತಿದ್ದರೆ ಈ ಹೆಣ್ಣುಮಗಳನ್ನು ನೆನೆದುಕೊ.

ಕಾನೂನು ನಮ್ಮ ಕಡೆ ಇದೆ. ಕೆಡುಕು ಮಾಡುವ ಉದ್ದೇಶದಿಂದ ಅಮಲು ಬರಿಸುವ ಪದಾರ್ಥ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 123, ಹಳೆಯ ಐಪಿಸಿಯ 328. 10 ವರ್ಷದವರೆಗೆ ಶಿಕ್ಷೆ. 18 ತುಂಬದವರಿಗೆ ವೈದ್ಯರ ಆದೇಶವಿಲ್ಲದೆ ಇಂಥ ಔಷಧಿ ಕೊಟ್ಟರೆ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 77, 7 ವರ್ಷದವರೆಗೆ. ‘ಮಲಗಲಿ ಅಂತ ಕೊಟ್ಟೆ’ ಅನ್ನುವ ನೆಪ ಆ ಸೆಕ್ಷನ್ನಿನಲ್ಲಿ ನಡೆಯುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ. ಅಪರಾಧ ಮಾಡಿದವನು ಸಂಬಂಧಿಯಾಗಿದ್ದರೆ ಆ ಕಾಯ್ದೆಯಲ್ಲಿ ಶಿಕ್ಷೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ಹೇಳಲೇಬೇಕು, ‘ಮನೆ ಮರ್ಯಾದೆ’ ಅಂತ ದೊಡ್ಡವರು ಮುಚ್ಚಿಟ್ಟರೆ ಅದೇ ಅಪರಾಧ. ಹೇಳಿಕೆಯನ್ನು ನಿನ್ನ ಮನೆಯಲ್ಲೇ, ಸಮವಸ್ತ್ರವಿಲ್ಲದ ಮಹಿಳಾ ಅಧಿಕಾರಿ ಬಂದು ತೆಗೆದುಕೊಳ್ಳಬೇಕು. ಎಫ್‌ಐಆರ್ ಆಗದಿದ್ದರೂ ವೈದ್ಯಕೀಯ ಪರೀಕ್ಷೆ ಆಗಬೇಕು, ಹುಡುಗಿಯಾದರೆ ವೈದ್ಯೆಯೇ ಮಾಡಬೇಕು. ಘಟನೆ ಬೇರೆ ಊರಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯವರು ದೂರು ಬರೆದುಕೊಳ್ಳಬೇಕು, ನಮ್ಮ ವ್ಯಾಪ್ತಿ ಅಲ್ಲ ಅನ್ನುವಂತಿಲ್ಲ.

ತನಿಖೆಯವರಿಗೆ ಒಂದು ಸುಳಿವನ್ನು ನಾವೇ ನೆನಪಿಸಬೇಕು. ಆಲ್‌ಪ್ರಜೊಲಾಮ್, ಡಯಜಪಾಮ್, ನೈಟ್ರಜಪಾಮ್, ಜೋಲ್ಪಿಡೆಮ್ ಇವೆಲ್ಲ ಶೆಡ್ಯೂಲ್ ಎಚ್1 ಔಷಧಿಗಳು, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದವು. ಮೆಡಿಕಲ್ ಶಾಪಿನವರು ಚೀಟಿ ಬರೆದ ವೈದ್ಯರು, ರೋಗಿ, ಕೊಟ್ಟ ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆದರೆ ಮನೆಯ ಅಜ್ಜನಿಗೆ ಬರೆದ ಮಾತ್ರೆಯೂ ಆಗಿರಬಹುದು, ಆ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಲು ಹೇಳಬೇಕು.

ಆರೋಪಕ್ಕೆ ಒಳಗಾದವರನ್ನು ವಾಟ್ಸಾಪ್ ಗುಂಪಿನಲ್ಲಿ ಹೆಸರಿಸಬೇಡ. ತನಿಖೆ ಮುಗಿಯುವ ತನಕ ಅವರು ಅಪರಾಧಿಯಲ್ಲ. ಹಾಗಂತ ಅಲ್ಲಿಯವರೆಗೆ ಯಾವ ಮಗುವನ್ನೂ ಅವರ ಮನೆಯಲ್ಲಿ ಒಂಟಿಯಾಗಿ ಬಿಡುವುದೂ ಇಲ್ಲ, ಅವರು ಬಡಿಸಿದ್ದು ತಿನ್ನು ಅಂತ ಒತ್ತಾಯಿಸುವುದೂ ಇಲ್ಲ. ಚಿಕ್ಕಮ್ಮ ಬೇಸರ ಮಾಡಿಕೊಳ್ಳುತ್ತಾರೆ, ದೊಡ್ಡಪ್ಪ ಮುನಿಸಿಕೊಳ್ಳುತ್ತಾರೆ ಅನ್ನುವುದನ್ನು ನನಗೆ ಬಿಡು, ಅವರ ಜೊತೆ ಮಾತಾಡುವುದು ದೊಡ್ಡವರ ಕೆಲಸ.

ಫೋನಿನಲ್ಲಿ ಈಗಲೇ ಇವನ್ನು ಸೇವ್ ಮಾಡು: 1098 ಮಕ್ಕಳ ಸಹಾಯವಾಣಿ, 112 ಪೊಲೀಸ್, 108 ಆಂಬುಲೆನ್ಸ್, 181 ಮಹಿಳಾ ಸಹಾಯವಾಣಿ. ಅಜ್ಜಿಯ ಮಾತ್ರೆಯ ಆ ಸಾಲನ್ನು ತಮ್ಮನಿಗೂ ಹೇಳಿಕೊಡು, ಹುಡುಗರಿಗೆ ಇದೆಲ್ಲ ಬೇಕಿಲ್ಲ ಅಂತ ಬಿಡಬೇಡ. ಭಾನುವಾರ ಫೋನು ಮಾಡಿದಾಗ ಅರ್ಥವಾಗದ್ದನ್ನು ಕೇಳು.

ನಿನ್ನ ಅಮ್ಮ